ಸ್ಕೂಟರಿನ ಹಿಂದಿನ ದೀಪ

ನನಗೊಂದು ಕೆಟ್ಟ ಚಾಳಿ ಉಂಟು. ರಸ್ತೆಯಲ್ಲಿ ಯಾವ ಗಾಡಿ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಅದರ ಬೆನ್ನಿಗೆ. ಗಾಡಿ ಯಾವುದು, ಒಳಗೆ ಕೂತವರು ಯಾರು, ಅದೆಲ್ಲ ಆಮೇಲೆ. ಬ್ರೇಕು ಹಾಕಿದಾಗ ಹಿಂದಿನ ಕೆಂಪು ದೀಪ ಹೊತ್ತಿಕೊಂಡಿತೋ ಇಲ್ಲವೋ ಎಂಬುದೊಂದೇ ನನ್ನ ಚಿಂತೆ. ಹೊತ್ತದಿದ್ದರೆ ಸುಮ್ಮನಿರಲಿಕ್ಕೆ ಆಗುವುದಿಲ್ಲ. ಕೊಡೆ ಮೇಲೆತ್ತಿ, ಕೂಗಿ ನಿಲ್ಲಿಸಿ, ಹೇಳಿಯೇ ತೀರಬೇಕು. ಮೊನ್ನೆ ಸಿರ್ಸಿ ಪೇಟೆಯಲ್ಲಿ ಒಬ್ಬ ಹುಡುಗನನ್ನು ಹೀಗೇ ನಿಲ್ಲಿಸಿದೆ. "ತಮಾ, ನಿನ್ನ ಹಿಂದಿನ ದೀಪ ಹೊತ್ತುತ್ತಿಲ್ಲ" ಎಂದೆ. ಅವನು ತಲೆಯ ಮೇಲಿನ ಹೆಲ್ಮೆಟ್ಟು ತೆಗೆದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಜ್ಜಾ, ನಿಮಗೇನಾದ್ರೂ ತಾಗ್ತಾ?" ಎಂದು ಕೇಳಿದ. ಇಲ್ಲ ಎಂದೆ. "ಹಂಗಾರೆ ಆರಾಮಾಗಿ ಹೋಗಿ ಚಾ ಕುಡೀರಿ" ಎಂದು ಹೇಳಿ ಭರ್ರನೆ ಹೋಗಿಬಿಟ್ಟ.

ಮನೆಗೆ ಬಂದು ಇದನ್ನು ಹೇಳಿದರೆ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮಗ ಮಾತ್ರ ನಗದೆ, "ಅಪ್ಪಾ, ಪೊಲೀಸ್ರು ನಿಂಗೆ ಪಗಾರ ಕೊಡ್ತ್ರಾ?" ಎಂದು ಕೇಳಿದ. ಕೇಳಲಿ. ಅವನಿಗೆ ಗೊತ್ತಿಲ್ಲ, ಹುಣಸೆಬೀಜದಷ್ಟಿದ್ದ ಒಂದು ಬಲ್ಬಿನ ದೆಸೆಯಿಂದ ಅವನ ಅಪ್ಪನ ಮದುವೆಯೇ ಮುರಿದು ಬೀಳಲಿತ್ತು ಎಂದು. ಮುರಿದಿದ್ದರೆ ಹೀಗೆ ಕೇಳಲಿಕ್ಕೆ ಅವನೇ ಇರುತ್ತಿರಲಿಲ್ಲ.

ನಮ್ಮ ಜಿಲ್ಲೆ ಮುಂಬಯಿ ಸರಕಾರದ ಕೈಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷ ಆಗಿತ್ತು. ನಾನು ಸಿರ್ಸಿಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಅಪ್ಪಯ್ಯನದು ಬಸ್ಸು ನಿಲ್ಲುವ ಜಾಗದ ಎದುರಿಗೇ ಒಂದು ಚಾ ಹೋಟೆಲು. ಊರಿಗೆಲ್ಲ ಅವರು ಹೋಟ್ಲು ಭಟ್ರು, ನಾನು ಹೋಟ್ಲು ಭಟ್ರ ಮಾಣಿ. ಮಾಸ್ತರಿಕೆ ಸಿಕ್ಕಿದ ಮೇಲಾದರೂ ಹೆಸರು ಬದಲಾದೀತು ಎಂದುಕೊಂಡಿದ್ದೆ. ಎಲ್ಲಿಂದ! ಶಾಲೆಯ ಮಕ್ಕಳೂ ಬೆನ್ನ ಹಿಂದೆ "ಬನ್ಸು ಮಾಸ್ತರು" ಎನ್ನುತ್ತಿದ್ದವು.

ಯಲ್ಲಾಪುರದಲ್ಲಿ ನನ್ನ ಸೋದರಮಾವ ಮರ ಕೊಯ್ಯುವ ಒಂದು ಸಾ ಮಿಲ್ಲಿನಲ್ಲಿ ಮ್ಯಾನೇಜರನಾಗಿದ್ದ. ಹಿಂದೆ ಮುಂಬಯಿಯಲ್ಲಿದ್ದಾಗ ಅವನು ಒಂದು ಸ್ಕೂಟರು ಇಟ್ಟುಕೊಂಡಿದ್ದ. ಇಟಲಿಯದಂತೆ. ಅದರ ಮೇಲೆ ಕೂತು ಕೂತು ಅವನ ಸೊಂಟ ಹಿಡಿದುಹೋಯಿತು. "ಮಾಣಿ, ಇದನ್ನ ನೀನೇ ತಗಂಡು ಹೋಗು. ಮೂಲೆಲ್ಲಿ ಇಲಿ ಮರಿ ಹಾಕ್ತಾ ಇದ್ದು" ಎಂದು ನನಗೆ ದಾಟಿಸಿಬಿಟ್ಟ. ದಾಟಿಸುವಾಗ ಒಂದು ಉಪದೇಶವನ್ನೂ ಮಾಡಿದ. "ಗ್ಯಾಸಿನ ಹಿಡಿ ಬಿಟ್ರೆ ಗಾಡಿ ತನ್ನಷ್ಟಕ್ಕೇ ನಿಲ್ತು. ಕಾಲಿನ ಬ್ರೇಕು ಸುಮ್ ಸುಮ್ನೆ ಮುಟ್ಟಡ. ಸವದು ಹೋದ್ರೆ ಇಟಲಿಗೇ ಹೋಗಿ ತರವು." ನಾನೋ, ಹಿರಿಯರ ಮಾತನ್ನು ಚಾಚೂ ತಪ್ಪದೆ ಪಾಲಿಸುವವ. ಕೈಬ್ರೇಕು ಹೆಸರಿಗೆ ಮಾತ್ರ ಇತ್ತು. ಹಿಡಿದರೆ ಕೀಂ ಎಂದು ಅಳುತ್ತಿತ್ತೇ ಹೊರತು ಗಾಡಿ ನಿಲ್ಲುತ್ತಿರಲಿಲ್ಲ.

ಆ ಸ್ಕೂಟರಿಗೆ ಬ್ಯಾಟರಿ ಎಂಬುದೇ ಇಲ್ಲ. ಎಂಜಿನ್ನು ತಿರುಗಿದರೆ ಕರೆಂಟು, ಕರೆಂಟು ಹುಟ್ಟಿದರೆ ದೀಪ. ಜೋರಾಗಿ ಹೋದರೆ ಎದುರಿನ ದೀಪ ಝಗ್ ಎನ್ನುತ್ತಿತ್ತು. ನಿಧಾನ ಮಾಡಿದರೆ ದೇವರ ಗೂಡಿನ ನೀಲಾಂಜನ. ಈಗ ನೀವೇ ಹೇಳಿ, ಮುಸ್ಸಂಜೆಯಲ್ಲಿ ಎದುರಿಗೆ ಏನೋ ಕಂಡಂತಾದರೆ ಮನುಷ್ಯ ನಿಧಾನ ಮಾಡುತ್ತಾನೋ, ಜೋರು ಮಾಡುತ್ತಾನೋ? ನಿಧಾನ ಮಾಡಿದರೆ ಎದುರಿನದು ಕಾಣುವುದಿಲ್ಲ. ಕಾಣಬೇಕೆಂದು ಜೋರು ಮಾಡಿದರೆ ಅದು ಕಾಣುವಷ್ಟರಲ್ಲಿ ಮೈಮೇಲೇ ಬಂದಿರುತ್ತದೆ. ಯಲ್ಲಾಪುರದಿಂದ ಗಾಡಿ ತರುವ ಸಂಜೆಯೇ ಒಂದು ಚಕ್ಕಡಿ ಎದುರಾಯಿತು. ನಾನು ನಿಂತು, ಕ್ಲಚ್ಚು ಹಿಡಿದು, ಎಂಜಿನ್ನನ್ನು ಭರ್ರ್ ಭರ್ರ್ ಎಂದು ಕೂಗಿಸಿ ಬೆಳಕು ಮಾಡಿಕೊಂಡು ದಾರಿ ನೋಡತೊಡಗಿದೆ. ಚಕ್ಕಡಿಯವನು ಬನವಾಸಿ ಕಡೆಯವನಿರಬೇಕು. ಎತ್ತು ನಿಲ್ಲಿಸಿ ಬಹಳ ಮರುಕದಿಂದ ಕೇಳಿದ: "ಯಾಕ್ರೀ ಮಾಸ್ತರ, ಗಾಡಿಗೆ ಹೊಟ್ಟಿ ನೋವ ಏನ್ರೀ?"

ದೀಪದ ವಿಷಯ ಬಂದಿತಲ್ಲ, ಅಪ್ಪಯ್ಯನ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಾನು ಸಣ್ಣವನಿದ್ದಾಗ ಹೋಟೆಲಿನಲ್ಲಿ ಒಂದು ಗ್ಯಾಸ್‌ಲೈಟು ಇತ್ತು. ಸಂಜೆಯಾಯಿತೆಂದರೆ ಅದನ್ನು ಹಚ್ಚುವುದು ಒಂದು ಪೂಜೆಯೇ. ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಅಪ್ಪಯ್ಯ ಕೈತೊಳೆದು ಬಂದು, ಪಂಚೆ ಎತ್ತಿ ಕಟ್ಟಿ, ಪಂಪು ಹೊಡೆಯತೊಡಗಿದರೆ ನಾವೆಲ್ಲ ಉಸಿರು ಬಿಗಿಹಿಡಿಯಬೇಕು. ಒಳಗಿನ ಬಲೆಯಂಥ ಮ್ಯಾಂಟಲು ಸುಟ್ಟ ಹಾಳೆಯ ಬೂದಿಯ ಹಾಗೆ, ಮುಟ್ಟಿದರೆ ಪುಡಿ. ನಾನು ಬೆಂಚಿನ ಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದೆ. ಭುಸ್ ಎಂದು ಬೆಳಕು ಬಂದದ್ದೇ ಅಪ್ಪಯ್ಯ ಅದಕ್ಕೆ ಕೈಮುಗಿಯುವರು. ಗಿರಾಕಿಗಳೂ ಚಾದ ಗ್ಲಾಸು ಕೆಳಗಿಟ್ಟು ಕೈಮುಗಿಯುವರು. ಬಾಯಿ ತುಂಬ ಬನ್ಸು ತುರುಕಿಕೊಂಡವರು ಉಗುಳಲೂ ಆಗದೆ, ನುಂಗಲೂ ಆಗದೆ ಹಾಗೆಯೇ ಮುಗಿಯುವರು. ಆ ಸೀಮೆಎಣ್ಣೆಯ ವಾಸನೆ, ಏಲಕ್ಕಿ ಚಾದ ವಾಸನೆ, ಆ ಬಿಳೀ ಬೆಳಕಿನಲ್ಲಿ ಅಪ್ಪಯ್ಯನ ಬೆವರಿದ ಮುಖ: ಇವತ್ತಿಗೂ ನನಗೆ ಸಂಜೆ ಎಂದರೆ ಅದೇ.

ಒಂದೊಂದು ದಿನ ಮ್ಯಾಂಟಲು ಉದುರಿಹೋಗುತ್ತಿತ್ತು. ಆಗ ಅಪ್ಪಯ್ಯನ ಮುಖ ನೋಡಬೇಕು. "ಎಂತದೋ ಆಗಲಿದ್ದು ಇವತ್ತು" ಎಂದು ದುಡ್ಡಿನ ಗಲ್ಲೆಯ ಮೇಲೆ ಮಂಕಾಗಿ ಕೂತುಬಿಡುವರು. ಅವರ ಪಾಲಿಗೆ ದೀಪ ಆರಿದರೆ ಅದು ಶಕುನ, ರಿಪೇರಿಯ ಕೆಲಸ ಅಲ್ಲ. ಒಳಗಿನಿಂದ ಆಯಿ, ಎಂದರೆ ನನ್ನ ಅಮ್ಮ, "ಎಂತದೂ ಆಗ್ತಿಲ್ಲೆ. ಮ್ಯಾಂಟಲು ಹಳೇದಾಗಿತ್ತು, ಉದ್ರಿತು" ಎಂದು ಕೂಗಿ ಹೇಳುತ್ತಿದ್ದಳು. ಆಯಿಯ ಮಾತೇ ನಿಜವಾಗುತ್ತಿತ್ತು. ಆದರೂ ಅಪ್ಪಯ್ಯ ಮರುಸಲ ಮತ್ತೆ ಮಂಕಾಗುವುದು ತಪ್ಪುತ್ತಿರಲಿಲ್ಲ.

ಸ್ಕೂಟರಿಗೆ ಬರುತ್ತೇನೆ. ಯಲ್ಲಾಪುರದ ಇಲಿಗಳು ಅದರ ವೈರುಗಳನ್ನು ಚೆನ್ನಾಗಿ ಸವಿದಿದ್ದವು. ಬೇಸಗೆ ರಜೆಯಲ್ಲಿ ನಾನೇ ಹೊಸ ವೈರು ಹಾಕಲು ಕೂತೆ. ಇಲ್ಲಿ ನನ್ನ ಕಲಾವಿದನ ಬುದ್ಧಿ ಕೆಲಸ ಮಾಡಿತು ನೋಡಿ. ಕಂಪನಿಯವರು ಹಸಿರು, ನೇರಳೆ, ಹಳದಿ, ಕಂದು ಎಂದು ಬಾಯಿಗೆ ಬಂದ ಬಣ್ಣದ ವೈರು ಹಾಕಿದ್ದರು. ಹಸಿರಿನ ಪಕ್ಕ ನೇರಳೆಯೇ! ಕಣ್ಣಿಗೆ ಹಿತವಿಲ್ಲ. ಮಕ್ಕಳು ಹೀಗೆ ಬಣ್ಣ ಹಚ್ಚಿ ತಂದರೆ ನಾನು ಕಿವಿ ಹಿಂಡುತ್ತಿದ್ದೆ. ಎಲ್ಲವನ್ನೂ ಕಿತ್ತು ಒಂದೇ ನೀಲಿಯ ವೈರು ಹಾಕಿದೆ. ಸ್ಕೂಟರಿನ ತಿಳಿಬೂದಿ ಬಣ್ಣಕ್ಕೆ ಅದು ಎಷ್ಟು ಚಂದ ಒಪ್ಪಿತ್ತು ಎಂದರೆ, ಮುಚ್ಚಳ ಹಾಕಲಿಕ್ಕೆ ಮನಸ್ಸೇ ಬರಲಿಲ್ಲ.

ಚಾಲೂ ಮಾಡಿ ಹಾರ್ನು ಒತ್ತಿದರೆ ಎದುರಿನ ದೀಪ ಹೊತ್ತಿತು. ದೀಪದ ಗುಂಡಿ ಒತ್ತಿದರೆ ಹಾರ್ನು ಮ್ಯಾಂ ಎಂದಿತು. ಬೆಳಕನ್ನು ತಗ್ಗಿಸಲು ಹೋದರೆ ಎಲ್ಲವೂ ಆರಿ, ಎಂಜಿನ್ನು ಕೆಮ್ಮತೊಡಗಿತು. ಎಲ್ಲ ವೈರೂ ನೀಲಿ, ಯಾವುದು ಎಲ್ಲಿಂದ ಬಂದದ್ದು ಎಂದು ಹೇಳುವವರು ಯಾರು? ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಇನ್ನೊಂದು ತುದಿ ಹುಡುಕುವುದು, ತಪ್ಪು ತುದಿ ಸಿಕ್ಕಿದರೆ ಜುಮ್ ಎನ್ನಿಸಿಕೊಂಡು ಕೂಗುವುದು, ಇದೇ ನನ್ನ ರಜೆಯಾಯಿತು. "ಆ ಗಾಡಿಗಿಂತ ಒಂದು ಎಮ್ಮೆ ಕಟ್ಟಿದ್ರೆ ಹಾಲಾದ್ರೂ ಕೊಡ್ತಿತ್ತು" ಎಂದು ಆಯಿ ಹೇಳಿದ್ದು ಆಗಲೇ. ಅಂತೂ ಇಂತೂ ಎದುರಿನ ದೀಪ ಸರಿಹೋಯಿತು, ಹಾರ್ನು ಸರಿಹೋಯಿತು. ಹಿಂದಿನ ಬ್ರೇಕಿನ ದೀಪವನ್ನು ಮಾತ್ರ ನೋಡಿರಲಿಲ್ಲ. ಅದನ್ನು ನೋಡಬೇಕಾದರೆ ಒಬ್ಬ ಮುಂದೆ ಕೂತು ಪೆಡಲು ಒತ್ತಬೇಕು, ಇನ್ನೊಬ್ಬ ಹಿಂದೆ ನಿಂತು ನೋಡಬೇಕು. ನಾನು ಒಬ್ಬನೇ ಇದ್ದೆ. ಹಿಂದೆ ಬರುವವರ ಚಿಂತೆ ನನಗೆಂತಕ್ಕೆ ಎಂದು ಬಿಟ್ಟುಬಿಟ್ಟೆ.

ಆ ವರ್ಷವೇ ನನಗೆ ಹೆಣ್ಣು ನೋಡಲು ಶುರುಮಾಡಿದ್ದು. ಸಿದ್ದಾಪುರದ ಹತ್ತಿರ ಕೋಲಸಿರ್ಸಿಯಲ್ಲಿ ಹೆಗಡೇರು ಎಂಬ ಗದ್ದೆ ಬೇಸಾಯದವರು, ಅವರ ಮಗಳು ಭಾಗೀರಥಿ. ಜಾತಕ ಕೂಡಿತು. ಬಸ್ಸಿನ ಹೊತ್ತು ಸರಿಯಿಲ್ಲವೆಂದು ಅಪ್ಪಯ್ಯ ಸ್ಕೂಟರಿನ ಹಿಂದೆಯೇ ಬರಲು ಒಪ್ಪಿದರು. ಕೈಚೀಲದಲ್ಲಿ ತೆಂಗಿನಕಾಯಿ, ತಲೆಗೆ ಟೋಪಿ, ಒಂದು ಕೈ ನನ್ನ ಹೆಗಲ ಮೇಲೆ.

ಸಿದ್ದಾಪುರದ ದಾರಿಯಲ್ಲಿ ಆಗ ಒಂದು ಕಡಿದಾದ ಇಳುಕಲು ಇತ್ತು. ಇಳುಕಲಿನ ನಡುವೆ ಒಂದು ತಿರುವು, ತಿರುವಿನಲ್ಲಿ ಚೌಡಿಕಟ್ಟೆ. ದೊಡ್ಡ ಮರದ ಬುಡದಲ್ಲಿ ಕುಂಕುಮ ಮೆತ್ತಿದ ಕಲ್ಲು, ಅದೇ ಚೌಡಿ ದೇವಿ. ಬಸ್ಸಿನ ಡ್ರೈವರನೂ ಅಲ್ಲಿ ಒಂದು ಕೈ ಎತ್ತಿ ಮುಗಿದೇ ಹೋಗುವವ. ನಾನು ಆ ದಾರಿಯಲ್ಲಿ ಸ್ಕೂಟರು ತಂದದ್ದು ಅದೇ ಮೊದಲು. ಹಿಂದೆ ಅಪ್ಪಯ್ಯನ ಭಾರ ಬೇರೆ. ಗ್ಯಾಸು ಬಿಟ್ಟರೂ ಗಾಡಿ ನಿಲ್ಲುವ ಲಕ್ಷಣ ಕಾಣಲಿಲ್ಲ. ಮಾವನ ಉಪದೇಶ ಮರೆತು ಕಾಲಿನ ಬ್ರೇಕು ಒತ್ತಿದೆ. ಸರಿಯಾಗಿ ಚೌಡಿಕಟ್ಟೆಯ ಎದುರಿಗೆ ಎಂಜಿನ್ನು ಫುಸ್ ಎಂದು ನಿಂತಿತು.

ಇಬ್ಬರೂ ಇಳಿದೆವು. ಗಾಡಿ ಉರುಳಿ ಹೋಗಬಾರದೆಂದು ಅಪ್ಪಯ್ಯ ಎಡಬದಿಯಿಂದ ಒಂದು ಕಾಲು ಒಳಗಿಟ್ಟು ಬ್ರೇಕಿನ ಪೆಡಲನ್ನು ಅದುಮಿ ಹಿಡಿದರು. ನಾನು ಬಲಬದಿಯಲ್ಲಿ ನಿಂತು ಕಿಕ್ಕು ಹೊಡೆದೆ. ಹೊಡೆದೆ, ಹೊಡೆದೆ, ಅಂಗಿ ಬೆನ್ನಿಗಂಟುವ ತನಕ ಹೊಡೆದೆ. ಊಹುಂ. ಪ್ಲಗ್ಗು ಬಿಚ್ಚಿ ಒರೆಸಿದೆ. ಊಹುಂ. ಅಪ್ಪಯ್ಯ ನನ್ನನ್ನೇ ನೋಡುತ್ತಿದ್ದವರು ಕೊನೆಗೆ, "ಮಾಣಿ, ಚೌಡಿಗೆ ಕಾಯಿ ಒಡದ್ದಿಲ್ಲೆ ನಾವು. ಶುಭಕಾರ್ಯಕ್ಕೆ ಹೋಪವು ಹಾಂಗೇ ದಾಟಿ ಹೋದ್ರೆ ಬಿಡ್ತ್ಲಾ?" ಎಂದರು. ಚೀಲದ ಕಾಯಿ ಒಡೆದರು. ಗಾಡಿಯನ್ನು ತಗ್ಗಿನ ಸಪಾಟು ಜಾಗಕ್ಕೆ ನೂಕಿದೆವು. ಅಲ್ಲಿ ಗಾಡಿ ಹಿಡಿಯುವ ಕೆಲಸ ಇಲ್ಲವಲ್ಲ, ಅಪ್ಪಯ್ಯ ದೂರ ನಿಂತು ಕೈಮುಗಿದರು. ಒಂದೇ ಕಿಕ್ಕು, ಚಾಲೂ! "ನೋಡಿದ್ಯಾ?" ಎಂದರು. ನೋಡಿದೆ. ನನಗೂ ಮೈ ಜುಮ್ಮೆಂದಿತು.

ಕೋಲಸಿರ್ಸಿಯಲ್ಲಿ ಹೆಗಡೇರು ಸ್ಕೂಟರಿಗೆ ಒಂದು ಸುತ್ತು ಬಂದು, "ಕೊಂಬು ಇದ್ದು, ಕಾಲೇ ಇಲ್ಲೆ ಇದಕ್ಕೆ" ಎಂದು ನಗೆಯಾಡಿದರು. ಕೂಸು, ಎಂದರೆ ಭಾಗೀರಥಿ, ಕಬ್ಬಿನ ಹಾಲಿನ ತೊಡೆದೇವು ತಂದಿಟ್ಟಿತು. ಎಷ್ಟು ಓದಿದ್ದೀ ಎಂದು ಅಪ್ಪಯ್ಯ ಕೇಳಿದ್ದಕ್ಕೆ "ಮುಲ್ಕಿ ಪರೀಕ್ಷೆ ಪಾಸಾಗಿದ್ದಿ" ಎಂದಳು. ಹೆದರಿಕೆಯಿಲ್ಲದ, ತಿಳಿಯಾದ ಧ್ವನಿ. ನಾನು ಅವಳನ್ನು ನೋಡುತ್ತಿದ್ದೆ. ಅವಳೋ ನನ್ನ ಹೆಗಲ ಮೇಲಿಂದ ಅಂಗಳದ ಸ್ಕೂಟರನ್ನು ನೋಡುತ್ತಿದ್ದಳು. ಸುಳ್ಳು ಹೇಳುವುದೆಂತಕ್ಕೆ, ನನಗೆ ಆಗಲೇ ಮನಸ್ಸು ನಿಂತುಹೋಯಿತು.

ಹೊರಡುವಾಗ ಅಂಗಳದ ಇಳಿಜಾರಿನಲ್ಲಿ ಮತ್ತೆ ಅದೇ ಕತೆ. ಅಪ್ಪಯ್ಯ ಪೆಡಲಿನ ಮೇಲೆ ಕಾಲಿಟ್ಟು ಹಿಡಿದರು, ನಾನು ಕಿಕ್ಕು ಹೊಡೆದು ಹೊಡೆದು ಬೆವೆತೆ. ಅಷ್ಟರಲ್ಲಿ ಕೂಸಿನ ತಾಯಿ ಎಲೆಅಡಿಕೆ ತಂದರು. ಹೆಗಡೇರು ಚಕ್ರಕ್ಕೊಂದು ಕಲ್ಲು ಕೊಟ್ಟರು, ಅಪ್ಪಯ್ಯ ಕಾಲು ತೆಗೆದು ಆ ಬದಿಗೆ ತಿರುಗಿದರು. ನಾನು ಸಿಟ್ಟಿನಿಂದ ಒಂದು ಒದ್ದೆ. ಚಾಲೂ! "ಎಲೆಅಡಿಕೆ ತಗಂಬದು ಬಾಕಿ ಇತ್ತು, ಅದಕ್ಕೇ" ಎಂದು ಅಪ್ಪಯ್ಯ ಸಮಾಧಾನದಿಂದ ಹೇಳಿದರು. ಬಾಗಿಲ ಸಂದಿಯಲ್ಲಿ ಯಾರೋ ಕಿಸಕ್ಕೆಂದು ನಕ್ಕಂತಾಯಿತು.

ಬರುವಾಗ ಚೌಡಿಕಟ್ಟೆಯ ಬಳಿ ಏರು. ಬ್ರೇಕಿನ ಕೆಲಸವೇ ಇಲ್ಲ. ಗಾಡಿ ಗುರುಗುಡುತ್ತ ಹತ್ತಿಬಿಟ್ಟಿತು.

ಕೆಲವು ದಿನ ಕಳೆದು ಮದುವೆಯ ಮಾತು ಪಕ್ಕಾ ಮಾಡಿಕೊಂಡು ಬರಲು ಹೊರಟೆವು. ಈ ಸಲ ಚೌಡಿಗೆಂದೇ ಬೇರೆ ಕಾಯಿ ಇಟ್ಟುಕೊಂಡಿದ್ದೆವು. ಇಳುಕಲು ಬಂತು, ಬ್ರೇಕು ಒತ್ತಿದೆ, ಕಟ್ಟೆಯ ಎದುರಿಗೆ ಗಾಡಿ ನಿಂತಿತು. ಅಪ್ಪಯ್ಯ ಕಾಯಿ ಒಡೆದು, ಪ್ರದಕ್ಷಿಣೆ ಬಂದು, ಪೆಡಲು ಅದುಮಿ ಹಿಡಿದು, "ಈಗ ಹೊಡಿ" ಎಂದರು. ಊಹುಂ. ಮತ್ತೆ ಕೈಮುಗಿದರು. ಊಹುಂ. ಹೋಗಿ ಕಟ್ಟೆಯ ಮೇಲೆ ಕೂತರು. ಗ್ಯಾಸ್‌ಲೈಟಿನ ಮ್ಯಾಂಟಲು ಉದುರಿದ ದಿನದ ಅದೇ ಮುಖ.

"ಮಾಣಿ, ಗಾಡಿ ತಿರುಗ್ಸು" ಎಂದರು. ನಾನು ಹ್ಯಾಗೋ ನೂಕಿ ಸಿರ್ಸಿಯ ಬದಿಗೆ ಮುಖ ಮಾಡಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಕಿಕ್ಕು ಹೊಡೆದೆ. ಮೊದಲ ಕಿಕ್ಕಿಗೇ ಚಾಲೂ. ಆ ಕ್ಷಣ ಅದು ಚಾಲೂ ಆಗದೆ ಇರಬಾರದಿತ್ತೇ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ! ಅಪ್ಪಯ್ಯನ ಕಣ್ಣಲ್ಲಿ ನೀರಾಡಿತು. "ಹೋಪಕಾದ್ರೆ ತಡೆ, ಬಪ್ಪಕಾದ್ರೆ ದಾರಿ. ಇನ್ನೂ ಎಂತ ಹೇಳವು ಚೌಡಿ? ಅವಳಿಗೆ ಈ ಸಂಬಂಧ ಮನಸ್ಸಿಲ್ಲೆ" ಎಂದರು. ಕೋಲಸಿರ್ಸಿಗೆ ಹೋಗಲೇ ಇಲ್ಲ.

ಹೋಟೆಲಿನವನ ಕಷ್ಟ ಏನೆಂದರೆ, ಅವನ ಬಾಯಿಂದ ಬಂದ ಮಾತು ಅಲ್ಲಿಯೇ ಉಳಿಯುವುದಿಲ್ಲ. ಅಪ್ಪಯ್ಯ ದುಃಖದಲ್ಲಿ ಯಾರೋ ಆಪ್ತರಿಗೆ ಹೇಳಿದರು. ಪಕ್ಕದ ಮೇಜಿನಲ್ಲಿ ಕಂಡಕ್ಟರ ಚಾ ಕುಡಿಯುತ್ತಿದ್ದ. ಮರುದಿನ ಸಿದ್ದಾಪುರದ ಬಸ್ಸಿನಲ್ಲಿ ಮಾತು ಕೋಲಸಿರ್ಸಿಗೆ ಹೋಗಿ ಇಳಿಯಿತು. ನಿಲ್ಕುಂದದ ಕಡೆಯಿಂದ ಭಾಗೀರಥಿಯನ್ನು ಕೇಳಿದ್ದವರು ಒಬ್ಬರಿದ್ದರಂತೆ. ಅವರೂ "ಚೌಡಿ ಬ್ಯಾಡ ಹೇಳಿದ ಕೂಸು ಯಂಗಕ್ಕೂ ಬ್ಯಾಡ" ಎಂದು ಹೇಳಿಕಳಿಸಿದರಂತೆ. ಆಗಿನ ಕಾಲದಲ್ಲಿ ಹೀಗೊಂದು ಮಾತು ಅಂಟಿಕೊಂಡರೆ ಹುಡುಗಿಗೆ ಜನ್ಮವಿಡೀ ಬಿಡುವುದಿಲ್ಲ. ನನಗೆ ಅದನ್ನು ಕೇಳಿ ಅನ್ನ ಇಳಿಯದಾಯಿತು. ನನಗೆ ಅವಳೇ ಬೇಕಾಗಿತ್ತು. ಅದಕ್ಕಿಂತ ಹೆಚ್ಚಾಗಿ, ನನ್ನ ಸ್ಕೂಟರು ನಿಂತದ್ದಕ್ಕೆ ಅವಳ ಬದುಕು ನಿಲ್ಲಬೇಕೇ? ಅಪ್ಪಯ್ಯನೆದುರು ನಿಂತು ಹೇಳುವ ಧೈರ್ಯ ನನಗಿಲ್ಲ. ಆಯಿಯ ಹತ್ತಿರ ಹೇಳಿದೆ. ಆಯಿ ಹೇಳಿದ್ದಕ್ಕೆ ಅಪ್ಪಯ್ಯ, "ಚೌಡಿ ಎರಡು ಸಲ ಹೇಳಿದ್ದು. ಮತ್ತೂ ಕೇಳಿದ್ರೆ ಸಿಟ್ಟು ಬತ್ತು ಅವಳಿಗೆ" ಎಂದುಬಿಟ್ಟರು.

ಒಂದು ಬೆಳಿಗ್ಗೆ, ನಾನು ಶಾಲೆಗೆ ಹೊರಡುತ್ತಿದ್ದೆ. ಸಿದ್ದಾಪುರದ ಬಸ್ಸಿನಿಂದ ಹೆಗಡೇರು ಇಳಿದರು. ಅವರ ಹಿಂದೆ ಭಾಗೀರಥಿಯೂ ಇಳಿದಳು. ಪೇಟೆಯಲ್ಲಿ ಬಟ್ಟೆ ತಗೊಳ್ಳಬೇಕೆಂದು ಹಟ ಮಾಡಿ ಬಂದಿದ್ದಳಂತೆ. ಹೆಗಡೇರು ಹೋಟೆಲಿಗೆ ಬಂದು ಅಪ್ಪಯ್ಯನ ಎದುರು ಕೂತರು. ಮುಂದಿಟ್ಟ ಚಾ ಆರುತ್ತಿತ್ತು. ಅವಳು ಒಳಗೆ ಬರಲಿಲ್ಲ. ಸೂರಿನ ಕೆಳಗೆ ನಿಲ್ಲಿಸಿದ್ದ ಸ್ಕೂಟರಿನ ಹತ್ತಿರ ನಿಂತಳು. ಅಲ್ಲಿಂದಲೇ ಕೇಳಿದಳು:

"ಭಟ್ರೆ, ಒಂದು ಮಾತು ಕೇಳ್ಲಕ್ಕಾ? ಆವತ್ತು ಯಂಗಳ ಅಂಗಳದಲ್ಲಿ ಗಾಡಿ ಚಾಲೂ ಆಗ್ತಿತ್ತಿಲ್ಲೆ. ಆಗ ನಿಂಗಳ ಕಾಲು ಎಲ್ಲಿತ್ತು?"

ಅಪ್ಪಯ್ಯ ಕಣ್ಣು ಕಿರಿದು ಮಾಡಿದರು. "ಬ್ರೇಕಿನ ಮೇಲೆ. ಇಲ್ದಿದ್ರೆ ಉರುಳ್ತಿತ್ತು."

"ಯನ್ನ ಆಯಿ ಎಲೆಅಡಿಕೆ ಕೊಡಕಾದ್ರೆ?"

"ಕೆಳಗಿತ್ತು."

"ಆಗ ಚಾಲೂ ಆತು. ಚೌಡಿಕಟ್ಟೆ ಹತ್ರ ಕಾಲು ಎಲ್ಲಿತ್ತು?"

ಹೆಗಡೇರು "ಭಾಗೀ!" ಎಂದು ಗದರಿದರು. ಹೋಟೆಲಿನಲ್ಲಿ ಯಾರೂ ಗ್ಲಾಸು ಎತ್ತಲಿಲ್ಲ. ನಾನು ಕೈಯಲ್ಲಿದ್ದ ಚೀಲ ಬೆಂಚಿನ ಮೇಲಿಟ್ಟೆ. ಹೋಗಿ ಕಿಕ್ಕು ಹೊಡೆದೆ. ಚಾಲೂ ಆಯಿತು. ಅವಳು ಮೆಲ್ಲಗೆ, "ಭಟ್ರೆ, ಬ್ಯಾಜಾರ ಮಾಡ್ಕಳಡಿ. ಒಂದ್ಸಲ ಕಾಲಿಡಿ" ಎಂದಳು.

ಅಪ್ಪಯ್ಯ ಗಲ್ಲೆ ಬಿಟ್ಟು ಎದ್ದು ಬಂದರು. ಕಾಲಿಟ್ಟರು. ಫುಸ್. ತೆಗೆದರು. ಕಿಕ್ಕು ಹೊಡೆದೆ, ಚಾಲೂ. ಕಾಲಿಟ್ಟರು. ಫುಸ್. ಗಿರಾಕಿಗಳೆಲ್ಲ ಗ್ಲಾಸು ಹಿಡಿದುಕೊಂಡು ಹೊರಗೆ ಬಂದರು. ಅಪ್ಪಯ್ಯ ಟೋಪಿ ತೆಗೆದು ತಲೆ ಕೆರೆದುಕೊಂಡು, ಮತ್ತೊಮ್ಮೆ ಬರೀ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಅದಕ್ಕೂ ನಿಂತಿತು. ಅಭಿಮಾನದ ಮನುಷ್ಯ, ಇಡೀ ಪೇಟೆಯ ಎದುರು. ಸಿಟ್ಟು ಮಾಡಿ ಒಳಗೆ ಹೋದರೆ ಎಲ್ಲ ಮುಗಿದಂತೆ. ನಾನು ಉಸಿರು ಬಿಗಿಹಿಡಿದಿದ್ದೆ, ಸಣ್ಣವನಿದ್ದಾಗ ಬೆಂಚಿನ ಮೇಲೆ ಕೂತು ಹಿಡಿಯುತ್ತಿದ್ದ ಹಾಗೆ.

ಅಪ್ಪಯ್ಯ ಹೆಗಡೇರ ಬದಿಗೆ ತಿರುಗಿ ಹೇಳಿದರು: "ಹೆಗಡೇರೆ, ಚೌಡಿ ಬ್ಯಾಡ ಹೇಳಿದ್ದು ನಿಂಗಳ ಕೂಸಿಗಲ್ಲ. ಯನ್ನ ಕಾಲಿಗೆ." ಹೇಳಿ ಮೊದಲು ಅವರೇ ನಕ್ಕರು. ಆಮೇಲೆ ನಕ್ಕವರೆಷ್ಟೋ! ಅಪ್ಪಯ್ಯನ ಮೇಲೆ ನನಗೆ ಆವತ್ತು ಬಂದಷ್ಟು ಪ್ರೀತಿ ಬೇರೆ ಯಾವತ್ತೂ ಬಂದಿಲ್ಲ. ಮುಂದಿನ ಬಸ್ಸಿಗೇ ಅವರು ಚೌಡಿಕಟ್ಟೆಗೆ ಹೋಗಿ, "ತಾಯೇ, ಯನ್ನ ಕಾಲಿನ ತಪ್ಪು ನಿನ್ನ ಮೇಲೆ ಹೊರ್ಸಿದ್ದಿ" ಎಂದು ಹೇಳಿ ಕಾಯಿ ಒಡೆದು ಬಂದರು. ಕಂಡಕ್ಟರನಿಗೂ ಕತೆಯನ್ನು ಪೂರ್ತಿಯಾಗಿ ಹೇಳಿ, ದಾರಿಯುದ್ದಕ್ಕೂ ಹೇಳುತ್ತ ಹೋಗು ಎಂದು ಪುಕ್ಕಟೆ ಚಾ ಕುಡಿಸಿದರು.

ಹಿಂದಿನ ಕೆಂಪು ಗಾಜು ಬಿಚ್ಚಿ ನೋಡಿದರೆ ಒಳಗಿನ ಪುಟ್ಟ ಬಲ್ಬು ಕಪ್ಪಾಗಿ ಸುಟ್ಟಿತ್ತು. ನನ್ನ ನೀಲಿ ವೈರಿನ ಪ್ರಯೋಗದಲ್ಲಿ ಯಾವಾಗ ಕಣ್ಣು ಮುಚ್ಚಿತೋ! ಯಲ್ಲಾಪುರದ ಮಾವನಿಗೆ ಹೇಳಿಕಳಿಸಿದ್ದಕ್ಕೆ ನಶ್ಯದ ಡಬ್ಬಿಯಲ್ಲಿ ಹತ್ತಿ ಸುತ್ತಿ ಬೇರೆ ಬಲ್ಬು ಕಳಿಸಿದ. ಆ ಗಾಡಿಯ ಕಟ್ಟೋಣವೇ ಹಾಗಂತೆ. ಬ್ರೇಕು ಒತ್ತಿದಾಗ ಎಂಜಿನ್ನಿನ ಕರೆಂಟು ಆ ಬಲ್ಬಿನ ಮೂಲಕವೇ ಹಾದುಹೋಗಬೇಕು. ಬಲ್ಬು ಸತ್ತರೆ ದಾರಿ ಕಡಿದಂತೆ, ಎಂಜಿನ್ನೂ ನಿಂತಂತೆ. "ನಿಂಗೆ ಹೇಳವು ಮಾಡಿದ್ದಿ, ಮರ್ತು ಹೋತು" ಎಂದನಂತೆ ಮಹಾರಾಯ. ಬಲ್ಬು ಹಾಕಿ ನಾನು ಪೆಡಲು ಒತ್ತಿದೆ, ಅಪ್ಪಯ್ಯ ಹಿಂದೆ ನಿಂತು ನೋಡಿದರು. ಕೆಂಪಗೆ ಹೊತ್ತಿಕೊಂಡದ್ದೇ ರೂಢಿಯಂತೆ ಕೈಮುಗಿದರು. ಹೋಟೆಲಿನ ಒಳಗಿದ್ದವರೂ ಏನೆಂದು ತಿಳಿಯದೆಯೇ ಕೈಮುಗಿದರು.

ಮದುವೆಯಾಗಿ ತವರಿಗೆ ಹೋಗಿ ಬರುವ ಶಾಸ್ತ್ರಕ್ಕೆ ನಾವಿಬ್ಬರೂ ಸ್ಕೂಟರಿನಲ್ಲೇ ಹೊರಟೆವು. ಸಂಜೆಯ ಹೊತ್ತು. ಚೌಡಿಕಟ್ಟೆಯ ಇಳುಕಲಿನಲ್ಲಿ ಹೆದರಿ ಹೆದರಿ ಬ್ರೇಕು ಒತ್ತಿದೆ. ಎಂಜಿನ್ನು ನಿಲ್ಲಲಿಲ್ಲ. ಭಾಗಿ ಹಿಂದೆ ಬಗ್ಗಿ ನೋಡಿದಳು. ಕೆಂಪು ಬೆಳಕು ಕಟ್ಟೆಯ ಕಲ್ಲಿನ ಮೇಲೆ ಬಿದ್ದಿತ್ತಂತೆ. ದೀಪ ಹೊತ್ತಿದೆ ಎಂದು ತಿಳಿಸಲು ನನ್ನ ಕಿವಿಯ ಹತ್ತಿರ ಬಂದು, "ಇದ್ದು" ಎಂದಳು.

ಆವತ್ತಿನಿಂದ ಅದು ಅವಳ ರೂಢಿಯಾಯಿತು. ಹುಲಗೋಳಕ್ಕೆ ಹೋಗಲಿ, ಯಲ್ಲಾಪುರಕ್ಕೆ ಹೋಗಲಿ, ಮುಸ್ಸಂಜೆಯಲ್ಲಿ ನಾನು ಬ್ರೇಕು ಒತ್ತಿದಾಗೆಲ್ಲ ಹಿಂದೆ ಬಗ್ಗಿ ನೋಡಿ "ಇದ್ದು" ಎನ್ನುವಳು. ಒಮ್ಮೆ ರೇಗಿ ಕೇಳಿದೆ: "ಅಲ್ದೇ ಮಾರಾಯ್ತಿ, ಎಂಜಿನ್ನು ನಿಂತಿದ್ದಿಲ್ಲೆ ಹೇಳಿದ್ರೆ ದೀಪ ಇದ್ದು ಹೇಳಿಯೇ ಅರ್ಥ. ಪ್ರತೀ ಸಲ ನೋಡದು ಎಂತಕ್ಕೆ?" ಅವಳು, "ನಿಂಗ ಮುಂದೆ ನೋಡಿ. ಹಿಂದಿಂದು ಆನು ನೋಡ್ಕತ್ತಿ" ಎಂದಳು. ಸ್ಕೂಟರು ಹೋಯಿತು, ಮೊಪೆಡ್ಡು ಬಂತು, ಮಗನ ಕಾರು ಬಂತು. ಕಾರಿನ ಹಿಂದಿನ ಸೀಟಿನಲ್ಲಿ ಕೂತೂ ಅವಳು ಕತ್ತು ತಿರುಗಿಸಿ ನೋಡುವಳು. ಮಗ ಅದನ್ನು ಕುತ್ತಿಗೆ ನೋವು ಎಂದುಕೊಂಡಿದ್ದ.

ಅವಳು ಹೋಗಿ ಎರಡು ಮಳೆಗಾಲ ಕಳೆಯಿತು. ಮನೆ ತುಂಬ ಜನ ಇದ್ದಾರೆ, ಎಲ್ಲರೂ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೂ ನನಗೆ ಬೆನ್ನಿನ ಬದಿ ಬರಿದು ಬರಿದು ಅನ್ನಿಸುತ್ತದೆ. ಬೇರೆಯವರ ಗಾಡಿಯ ಬೆನ್ನು ನೋಡುವ ಚಾಳಿ ಹತ್ತಿದ್ದು ಆಮೇಲೆಯೇ.

ನಿನ್ನೆ ಮಗನ ಕಾರಿನಲ್ಲಿ ಸಿದ್ದಾಪುರಕ್ಕೆ ಹೋಗಿದ್ದೆವು. ಆ ಇಳುಕಲನ್ನು ಕಡಿದು ಅಗಲ ಮಾಡಿದ್ದಾರೆ. ಕಟ್ಟೆಗೆ ಟೈಲ್ಸು ಹಾಕಿದ್ದಾರೆ. ಕಲ್ಲು ಮಾತ್ರ ಅದೇ. ಹೊತ್ತು ಮುಳುಗುತ್ತಿತ್ತು. ತಿರುವಿನಲ್ಲಿ ಮಗ ಬ್ರೇಕು ಹಾಕಿದ. ನನ್ನ ಕುತ್ತಿಗೆ ತಾನಾಗಿಯೇ ಹಿಂದಕ್ಕೆ ತಿರುಗಿತು. ಕೆಂಪು ಬೆಳಕು ಕಟ್ಟೆಯ ಕಲ್ಲಿನ ಮೇಲೆ ಬಿತ್ತು.

"ಇದ್ದು" ಎಂದೆ.

ಮಗ ಕನ್ನಡಿಯಲ್ಲಿ ನನ್ನನ್ನು ನೋಡಿದ. "ಎಂತ ಇದ್ದು, ಅಪ್ಪಾ?"

"ಎಂತ ಇಲ್ಲೆ" ಎಂದೆ. "ನೀ ಮುಂದೆ ನೋಡು. ಹಿಂದಿಂದು ಆನು ನೋಡ್ಕತ್ತಿ."